ಹನೂರಿನ ಓಟದಲ್ಲಿ ಒಂದು ಮುಡಿಪು

ಕಳೆದ ಫೆಬ್ರವರಿಯ ಮೊದಲ ಭಾನುವಾರ ಯಳಂದೂರಿನಿಂದ ಹನೂರಿಗೆ ನಡೆದ ನಲವತ್ತೆರಡು ಕಿಲೋಮೀಟರ್ ಓಟದಲ್ಲಿ ಅಗರದ ಸೌಭಾಗ್ಯ ಅವರ ಶೂಗಳು ಗಡುವಿಗೆ ಮೊದಲೇ ಗುರಿ ಮುಟ್ಟಿದವು. ಸೌಭಾಗ್ಯ ಮುಟ್ಟಲಿಲ್ಲ. ಶೂಗಳು ನನ್ನ ಹೆಗಲ ಮೇಲಿದ್ದವು. ಆ ದಿನ ಏನಾಯಿತೆಂದು ಕೇಳಿದವರಿಗೆ ನಾನು ಎರಡು ಮೂರು ರೀತಿ ಹೇಳಿದ್ದೇನೆ, ಒಂದು ಇನ್ನೊಂದಕ್ಕೆ ಹೊಂದುತ್ತಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ಮೈಸೂರಿನ ಬಸ್ ನಿಲ್ದಾಣದಲ್ಲಿ ಕೊಳ್ಳೇಗಾಲದ ಬಸ್ ಹತ್ತಿದೆ. ನರಸೀಪುರದ ಮೇಲೆ ಹೋಗುವ ಬಸ್ಸು, ಎರಡು ಗಂಟೆಯ ದಾರಿ. ಟಿಕೆಟ್ ನೂರು ರೂಪಾಯಿಯ ಒಳಗೆ. ಹೆಂಗಸರಿಗೆ ಟಿಕೆಟ್ ಇಲ್ಲದ ಕಾರಣ ಸೀಟೆಲ್ಲ ಅವರದೇ, ಗಂಡಸರು ನಿಂತಿದ್ದೆವು. ನರಸೀಪುರದಲ್ಲಿ ಹಳದಿ ಪಂಚೆ ಉಟ್ಟ ಹತ್ತಾರು ಜನ ಹತ್ತಿದರು. ಕೊಳ್ಳೇಗಾಲದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವವರು. ಶಿವರಾತ್ರಿ ಹತ್ತಿರವಿತ್ತು. ನನ್ನ ಚೀಲದಿಂದ ಹೊರಗೆ ಕಾಣುತ್ತಿದ್ದ ಶೂ ನೋಡಿ ಅವರಲ್ಲೊಬ್ಬರು, "ನೀವೂ ನಡಿಯಕ್ಕಾ ಸಾ?" ಎಂದರು. "ಇಲ್ಲ, ಓಡಲಿಕ್ಕೆ" ಎಂದೆ. ಅವರು ಸ್ವಲ್ಪ ಸರಿದು ನನಗೆ ನಿಲ್ಲಲು ಜಾಗ ಕೊಟ್ಟರು.

ನಾನು ಮೈಸೂರಿನ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಕೆಲಸ ಮಾಡುತ್ತೇನೆ. ದೂರದ ಓಟ ನನ್ನ ಹವ್ಯಾಸ, ಬಹುಮಾನ ಬರುವಂಥದ್ದಲ್ಲ. ಸೌಭಾಗ್ಯ ಪರಿಚಯವಾದದ್ದು ಇದೇ ಓಟದಲ್ಲಿ, ಎರಡು ವರ್ಷದ ಹಿಂದೆ. ಕಾಮಗೆರೆ ದಾಟಿದ ಮೇಲೆ ಮೀನಖಂಡ ಹಿಡಿದುಕೊಂಡು ರಸ್ತೆ ಬದಿಯ ಹುಣಸೆ ಮರಕ್ಕೆ ಒರಗಿ ನಿಂತಿದ್ದರು. ನನ್ನಲ್ಲಿದ್ದ ಉಪ್ಪಿನ ಪುಡಿ ಕೊಟ್ಟೆ, ಪ್ರಯೋಜನವಾಗಲಿಲ್ಲ. ಹಿಂದುಳಿದವರನ್ನು ತುಂಬಿಕೊಂಡು ಬರುವ ವ್ಯಾನು ಅವರನ್ನು ಹತ್ತಿಸಿಕೊಂಡಿತು. ಮರುವರ್ಷವೂ ಹೆಚ್ಚುಕಡಿಮೆ ಅದೇ ಜಾಗ, ಅದೇ ವ್ಯಾನು. ಈ ಸಲ ಕೊನೆಯವರೆಗೂ ಜೊತೆಯಲ್ಲೇ ಓಡೋಣವೆಂದು ನಾವಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದೆವು.

ಕೊಳ್ಳೇಗಾಲದಲ್ಲಿ ಇಳಿದು ಯಳಂದೂರಿನ ಬಸ್ ಹಿಡಿದು ಅಗರಕ್ಕೆ ಬಂದಾಗ ಸಾಯಂಕಾಲದ ಹಾಲಿನ ಹೊತ್ತು. ಸೌಭಾಗ್ಯ ಅಲ್ಲಿನ ಡೇರಿಯ ಕಾರ್ಯದರ್ಶಿ. ನಲವತ್ತು ದಾಟಿದವರು, ಗಟ್ಟಿ ಆಳು, ಗಟ್ಟಿ ದನಿ. ಒಂದು ಕೈಯಲ್ಲಿ ಹಾಲಿನ ಸ್ಯಾಂಪಲ್ ತೆಗೆಯುತ್ತ ಇನ್ನೊಂದು ಕೈಯಲ್ಲಿ ನನಗೆ ಕುರ್ಚಿ ತೋರಿಸಿದರು. ಸಾಲಿನಲ್ಲಿ ಕ್ಯಾನು ಹಿಡಿದು ನಿಂತವನೊಬ್ಬ ನನ್ನನ್ನೂ ನನ್ನ ಚೀಲವನ್ನೂ ನೋಡಿದ.

"ಸೌಭಾಗ್ಯಕ್ಕ, ಈ ಸಲನೂ ಕಾಮಗೆರೆಗೇ ಟಿಕೀಟಾ?"

"ಅನೂರ್‌ಗೆ ಕಣ್ಲಾ."

"ಓದ್ ಸಲನೂ ಅಂಗೇ ಅಂದಿದ್ದೆ."

"ನೀನು ಆಲಿಗೆ ನೀರ್ ಬೆರ್ಸದ್ ನಿಲ್ಸು, ನಾನು ಕಾಮಗೆರೇಲಿ ನಿಲ್ಲದ್ ನಿಲ್ಸ್ತೀನಿ" ಎಂದರು. ಸಾಲೆಲ್ಲ ನಕ್ಕಿತು. ಅವನೂ ನಕ್ಕ.

ಅವರು ಅಭ್ಯಾಸ ಮಾಡುವುದು ಬೆಳಗಿನ ಹಾಲು ಲಾರಿಗೆ ಏರಿದ ಮೇಲೆ, ಬಿಸಿಲು ಬಂದಾಗ. ಬೇರೆ ಹೊತ್ತು ಸಿಗುವುದಿಲ್ಲ. ಮೊದಮೊದಲು ರಸ್ತೆಯ ಎಡಕ್ಕೆ ಓಡುತ್ತಿದ್ದರಂತೆ. ಹಿಂದಿನಿಂದ ಬಂದ ಬಸ್ಸುಗಳು ಇವರು ಬಸ್ಸಿಗಾಗಿಯೇ ಓಡುತ್ತಿದ್ದಾರೆಂದುಕೊಂಡು ನಿಲ್ಲುತ್ತಿದ್ದವು. "ಅತ್ತಮ್ಮ ಬೇಗ, ನಿನ್‌ಗೋಸ್ಕರ ನಿಲ್ಸಿವ್ನಿ ಅಂತ ಕಂಡಕ್ಟ್ರು ಬಯ್ಯೋರು. ಅತ್ತಲ್ಲ ಅಂದ್ರೆ ಇನ್ನೂ ಬಯ್ಯೋರು" ಎಂದರು. ಆಮೇಲೆ ಬಲಬದಿಗೆ, ವಾಹನಗಳಿಗೆ ಎದುರಾಗಿ ಓಡತೊಡಗಿದರು. ನಾಲೆಯ ಏರಿಯ ಮೇಲೆ ಓಡುವುದು ಅವರಿಗೆ ಇನ್ನೂ ಇಷ್ಟ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಯಾಕೆ ಓಡುತ್ತೀರಿ ಎಂದು ನಾನು ಒಮ್ಮೆ ಕೇಳಿದ್ದೆ. "ಅಷ್ಟೊತ್ತು ಯಾರೂ ನನ್ನ ಲೆಕ್ಕ ಕೇಳಲ್ಲವಲ್ಲ ಸಾ" ಎಂದಿದ್ದರು.

ರಾತ್ರಿ ಊಟಕ್ಕೆ ಅನ್ನ, ಅವರೆಕಾಳಿನ ಉಪ್ಸಾರು, ಕಾರ. ಮುದ್ದೆ ಹೊಟ್ಟೆಯಲ್ಲಿ ಭಾರವಾಗುತ್ತದೆಂದು ಮಾಡಿರಲಿಲ್ಲ. ಸೌಭಾಗ್ಯ ಅವರ ಗಂಡ ಮಹೇಶ್ ಭತ್ತದ ಕೃಷಿಕರು. ಮಾರನೆಯ ಬೆಳಗಿನ ಹಾಲು ಅವರೇ ಅಳೆಯುವುದು, ಆಮೇಲೆ ಬೈಕಿನಲ್ಲಿ ಹನೂರಿಗೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಗಿತ್ತು.

"ಅನೂರ್‌ಗೇ ಬರ್ಲಾ, ಕಾಮಗೆರೇಲೇ ಕಾಯ್ಲಾ?" ಎಂದು ಮಹೇಶ್ ಗಂಭೀರವಾಗಿಯೇ ಕೇಳಿದರು.

"ಉಣ್ಣು ಸುಮ್ಕೆ" ಎಂದರು ಸೌಭಾಗ್ಯ. ಆಮೇಲೆ ನನ್ನ ಕಡೆ ತಿರುಗಿ, "ಮೂರ್ನೇ ಸಲ ಆ ವ್ಯಾನ್ ಅತ್ತಲ್ಲ ಸಾ. ತೆವಳ್ಕಂಡಾದ್ರೂ ಓಟ ಮುಗಿಯೋ ಆ ಕಮಾನಿನ್ ಕೆಳುಗ್ ಓಯ್ತೀನಿ" ಎಂದರು. ಇದು ತಮಾಷೆಯಾಗಿರಲಿಲ್ಲ.

ಯಳಂದೂರಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಇನ್ನೂರರಷ್ಟು ಜನ ಸೇರಿದ್ದೆವು, ಹೆಚ್ಚಿನವರು ಮೈಸೂರು, ಬೆಂಗಳೂರಿನವರು. ಚಳಿಗೆ ಎಲ್ಲರೂ ನಿಂತಲ್ಲೇ ಕುಣಿಯುತ್ತಿದ್ದರು. ಸಂಘಟಕರು ಕೊಟ್ಟ ಅಂಗಿ ಈ ಸಲ ಅರಿಸಿನ ಬಣ್ಣದ್ದು. ಈ ಸೀಮೆಯಲ್ಲಿ ಅರಿಸಿನ ಬೆಳೆಯುತ್ತಾರೆ, ಅದಕ್ಕೇ ಆ ಬಣ್ಣ ಆರಿಸಿದೆವು ಎಂದು ಮೈಕಿನಲ್ಲಿ ಹೇಳಿದರು. ಪ್ರತಿಯೊಬ್ಬರಿಗೂ ಬಟನ್ನಿನಷ್ಟು ಗಾತ್ರದ ಎಲೆಕ್ಟ್ರಾನಿಕ್ ಚಿಪ್ಪು ಕೊಟ್ಟು ಶೂ ದಾರಕ್ಕೆ ಪೋಣಿಸಿಕೊಳ್ಳಲು ಹೇಳಿದರು. ಹನೂರಿನ ಮೈದಾನದಲ್ಲಿ ಕಮಾನಿನ ಕೆಳಗೆ ಹಾಸಿದ ಮ್ಯಾಟನ್ನು ತುಳಿದಾಗ ಯಂತ್ರ ಚಿಪ್ಪನ್ನು ಗುರುತಿಸಿ ಹೊತ್ತು ದಾಖಲಿಸುತ್ತದೆ. ಗಡುವು ಮಧ್ಯಾಹ್ನ ಹನ್ನೆರಡು. ಅದರ ಮೇಲೆ ಬಂದವರಿಗೆ ಪದಕವಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ.

ಐದೂವರೆಗೆ ಬಿಟ್ಟರು. ಮೊದಲ ಮೈಲಿಗಳಲ್ಲಿ ಕಾಲು ಸಪ್ಪಳ ಬಿಟ್ಟರೆ ಮಾತಿಲ್ಲ. ಎರಡೂ ಕಡೆ ಗದ್ದೆ, ಗದ್ದೆಯ ಮೇಲೆ ಮಂಜು, ಬೆನ್ನ ಹಿಂದೆ ಬಿಳಿಗಿರಿ ಬೆಟ್ಟದ ಸಾಲು. ಮೈ ಬಿಸಿಯಾಗಿ ಉಸಿರು ಒಂದು ಹದಕ್ಕೆ ಬಂದ ಮೇಲೆ ಕಾಲು ತಾನೇ ಹೋಗುತ್ತಿರುತ್ತದೆ, ನಾವು ಅದರ ಮೇಲೆ ಕುಳಿತು ಹೋಗುತ್ತಿರುವಂತೆ. ಇದಕ್ಕಾಗಿಯೇ ನಾನು ಓಡುವುದು. ಅಗರ ಬಂದಾಗ ಬೆಳಕಾಗಿತ್ತು. ಡೇರಿಯ ಮುಂದಿನ ಸಾಲು ಕ್ಯಾನುಗಳ ಸಮೇತ ರಸ್ತೆಗೆ ಬಂದಿತ್ತು. "ಸೌಭಾಗ್ಯಕ್ಕ ಬಂದ್ಳು, ಬಂದ್ಳು!" ಎಂದು ಕೂಗಿದರು. ಒಳಗಿನಿಂದ ಮಹೇಶ್ ಹಾಲಿನ ಅಳತೆಯ ಪಾತ್ರೆಯನ್ನೇ ಎತ್ತಿ ಆಡಿಸಿದರು. "ಆಲಿನ್ ಪ್ಯಾಟ್ ನೋಡಿ ಬರ್ಕೊ, ಬಾಯ್‌ಮಾತು ಕೇಳ್ಬ್ಯಾಡ!" ಎಂದು ಸೌಭಾಗ್ಯ ಓಡುತ್ತಲೇ ಕೂಗಿ ಹೇಳಿದರು.

ಕೊಳ್ಳೇಗಾಲ ದಾಟುವಾಗ ಅಂಗಡಿಗಳ ಬಾಗಿಲು ತೆರೆಯುತ್ತಿದ್ದವು. ಒಂದು ಓಣಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ, ಇನ್ನೊಂದರಿಂದ ದೋಸೆಯ ವಾಸನೆ ಬಂದವು. ನೀರಿನ ಟೇಬಲ್ಲಿನಲ್ಲಿ ಬಾಳೆಹಣ್ಣು, ಕಡಲೆಮಿಠಾಯಿ, ಬೇಯಿಸಿದ ಮೊಟ್ಟೆ ಇಟ್ಟಿದ್ದರು. ನಾನು ಎರಡು ಮೊಟ್ಟೆ ತಿಂದೆ. ಸೌಭಾಗ್ಯ ಬಾಳೆಹಣ್ಣು ತಿಂದು, ಲೋಟ ಎತ್ತಿಕೊಂಡು ನಿಲ್ಲದೆ ಹೊರಟರು. ಅವರು ನಿಲ್ಲುವುದೇ ಇಲ್ಲ. ನಿಂತರೆ ಮತ್ತೆ ಶುರು ಮಾಡುವುದು ಕಷ್ಟ ಎನ್ನುವುದು ಅವರ ಲೆಕ್ಕ. ಚಾಚಿದ ಲೋಟವನ್ನು ಓಡುತ್ತಲೇ ಕಿತ್ತುಕೊಂಡು, ನಾಲ್ಕು ಗುಟುಕು ಕುಡಿದು ಎಸೆಯುವುದನ್ನು ಎರಡು ವರ್ಷ ಅಭ್ಯಾಸ ಮಾಡಿದ್ದಾರೆ.

ಗೊಂದಲ ಶುರುವಾದದ್ದು ಊರು ದಾಟಿದ ಮೇಲೆ. ಹನೂರಿನ ರಸ್ತೆಯ ತುಂಬ ಬೆಟ್ಟಕ್ಕೆ ನಡೆದು ಹೋಗುವವರು, ಎಲ್ಲರೂ ಬರಿಗಾಲಿನಲ್ಲಿ, ಹಲವರು ಹಳದಿ ಬಟ್ಟೆಯಲ್ಲಿ. ಅವರ ನಡುವೆ ಹಳದಿ ಅಂಗಿಯಲ್ಲಿ ಓಡುತ್ತಿರುವ ನಾವು. ರಸ್ತೆ ಬದಿಯ ಹಳ್ಳಿಗಳವರು ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ ಕೊಡುತ್ತಿದ್ದರು. ಕಾದ ರಸ್ತೆಯ ಅಂಚಿಗೆ ಟ್ಯಾಂಕರಿನಿಂದ ನೀರು ಬಿಡುತ್ತಿದ್ದರು. ಸಂಘಟಕರ ನೀರಿನ ಟೇಬಲ್ ಯಾವುದು, ಊರವರ ಪಾನಕದ ಟೇಬಲ್ ಯಾವುದು ಎಂದು ನಮಗೆ ತಿಳಿಯಲಿಲ್ಲ. ನಾವು ಯಾರೆಂದು ಅವರಿಗೂ ತಿಳಿಯಲಿಲ್ಲ. ಒಬ್ಬ ಮುದುಕ ನಮ್ಮ ಮುಂದೆ ಓಡುತ್ತಿದ್ದ ಬೆಂಗಳೂರಿನ ಹುಡುಗನಿಗೆ ಕೈ ಮುಗಿದ. ಅವನು ಕಿವಿಯಲ್ಲಿ ಹಾಡು ಕೇಳುತ್ತ ಮುಂದೆ ಹೋದ.

"ಇದೇನ್ ಅರಕೆ ಕಣ್ಲಾ, ಓಡ್ಕಂಡ್ ಓಯ್ತಾವ್ರಲ್ಲಾ!" ಎಂದ ಶಾಮಿಯಾನದವನೊಬ್ಬ.

"ದೊಡ್ ತಪ್ಪು ಮಾಡಿರ್ಬೇಕು" ಎಂದ ಪಕ್ಕದವನು.

ಸೌಭಾಗ್ಯ ನಕ್ಕು ಉಸಿರು ತಪ್ಪಿಸಿಕೊಂಡರು. ಹತ್ತಾರು ಹೆಜ್ಜೆ ನಡೆದು ಮತ್ತೆ ಹಿಡಿತಕ್ಕೆ ಬಂದರು.

ಕಾಮಗೆರೆಯಲ್ಲಿ ಆಸ್ಪತ್ರೆಯ ಎದುರು ಆ ವ್ಯಾನು ನಿಂತಿತ್ತು. ಸೌಭಾಗ್ಯ ಅದರ ಕಡೆ ನೋಡಲಿಲ್ಲ. ಅಲ್ಲಿಂದ ಮುಂದೆ ಎರಡು ವರ್ಷದ ಹಿಂದೆ ಅವರು ಒರಗಿದ್ದ ಹುಣಸೆ ಮರ ಬಂತು, ಹೋಯಿತು. "ಕಾಲು?" ಎಂದೆ. "ಐತೆ ಸಾ, ಎರಡೂ ಐತೆ" ಎಂದರು. ಹೊತ್ತು ಹತ್ತರ ಆಸುಪಾಸು. ಹೀಗೇ ಹೋದರೆ ಗಡುವಿಗೆ ಅರ್ಧ ಗಂಟೆಗೂ ಮೊದಲೇ ಮುಟ್ಟುತ್ತೇವೆ ಎಂದು ನಾನು ಲೆಕ್ಕ ಹಾಕಿದೆ. ಆ ಹೊತ್ತಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು.

ಮುಂದಿನ ಊರಿನ ಮೊದಲ ಮನೆಯ ಮುಂದೆ, ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಒಬ್ಬ ಅಜ್ಜಿ ಕೋಲು ಊರಿ ನಿಂತಿದ್ದರು. ಬಲಗೈ ಮುಂದೆ ಚಾಚಿತ್ತು. ಸೌಭಾಗ್ಯ ಅವರ ಕೈ ತಾನಾಗಿಯೇ ಹೋಯಿತು. ಲೋಟ ಎಂದುಕೊಂಡು ಓಡುತ್ತಲೇ ಕಿತ್ತುಕೊಂಡರು. ಲೋಟವಾಗಿರಲಿಲ್ಲ. ಹಳದಿ ಬಟ್ಟೆಯ ಪುಟ್ಟ ಗಂಟು. ಮುಡಿಪು. ಬೆಟ್ಟಕ್ಕೆ ಹೋಗಲಾರದವರು ಹರಕೆಯ ಕಾಣಿಕೆಯನ್ನು ಬಟ್ಟೆಯಲ್ಲಿ ಕಟ್ಟಿ, ನಡೆದು ಹೋಗುವವರ ಕೈಯಲ್ಲಿ ದೇವರಿಗೆ ಕಳಿಸುವುದು ಈ ಕಡೆಯ ವಾಡಿಕೆ.

"ನನ್ ಕಾಲ್ ಓಯ್ತು ಕಣವ್ವಾ, ಈ ವರ್ಸ ಆಗ್ನಿಲ್ಲ. ಮಾದಪ್ಪುನ್ಗೆ ಮುಟ್ಟುಸ್ಬುಡವ್ವಾ!" ಎಂದು ಹಿಂದಿನಿಂದ ದನಿ ಬಂತು.

ಸೌಭಾಗ್ಯ ನಿಂತರು. ಆ ದಿನ ಅವರು ನಿಂತದ್ದು ಅದೇ ಮೊದಲು. ಇಬ್ಬರೂ ತಿರುಗಿ ನೋಡಿದೆವು. ಅಜ್ಜಿ ಬೆಟ್ಟದ ದಿಕ್ಕಿಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಆಮೇಲೆ ಕೋಲೂರುತ್ತ ಮನೆಗಳ ಸಂದಿಗೆ ಹೋಗಿಬಿಟ್ಟರು.

"ವಾಪಸ್ ಕೊಟ್ಟು ಬರ್ತೀನಿ, ಕೊಡಿ" ಎಂದೆ.

"ಆಗಲ್ಲ ಸಾ."

"ನೀವು ಬೇಕಂತ ತಗೊಂಡದ್ದಲ್ಲವಲ್ಲ."

"ಕೈಗ್ ಬಂದ್ಮೇಲೆ ಬಂತು. ವಾಪಸ್ ಕೊಡಂಗಿಲ್ಲ, ಕೆಳಗಿಡಂಗಿಲ್ಲ. ನಮ್ಮತ್ತೆ ಮುಡಿಪು ತಕಂಡ್ ಓಗದ ನೋಡಿವ್ನಿ. ಕಾಲಿಗ್ ಏನೂ ಆಕಂಗಿಲ್ಲ." ಹೇಳುತ್ತಲೇ ಒಂದು ಕೈಯಿಂದ ಶೂ ದಾರ ಬಿಚ್ಚುತ್ತಿದ್ದರು. ಬಿಚ್ಚಲಾಗಲಿಲ್ಲ. ನಾನು ಬಗ್ಗಿ ಬಿಚ್ಚಿದೆ. ಎರಡೂ ಶೂಗಳ ದಾರಗಳನ್ನು ಕಟ್ಟಿ ನನ್ನ ಹೆಗಲಿಗೆ ಹಾಕಿಕೊಂಡೆ. ಚಿಪ್ಪು ಅದರಲ್ಲೇ ಇತ್ತು. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

"ಅಂದರೆ ಓಟ?" ಎಂದೆ.

"ಓಡಬಾರ್ದು ಅಂತ ಯಾರೂ ಏಳಿಲ್ವಲ್ಲ" ಎಂದು ಹೊರಟರು.

ಮುಂದಿನ ಹತ್ತು ಕಿಲೋಮೀಟರ್ ಹೇಗೆ ಕಳೆಯಿತೆಂದು ನನಗೆ ಪೂರ್ತಿ ನೆನಪಿಲ್ಲ. ಟ್ಯಾಂಕರಿನ ನೀರು ಬಿದ್ದು ಒದ್ದೆಯಾದ ಅಂಚಿನಲ್ಲಿ ಅವರು ಓಡಿದರು, ಒಣಗಿದಲ್ಲಿ ಹಾರಿ ಹಾರಿ ನಡೆದರು. ನೀರಿಲ್ಲದ ಕಡೆ ನನ್ನ ಬಾಟಲಿಯಿಂದ ಅವರ ಪಾದಕ್ಕೆ ಹುಯ್ದೆ. ಮುಡಿಪನ್ನು ಎದೆಗೆ ಒತ್ತಿ ಹಿಡಿದಿದ್ದರು. ಅದನ್ನು ನೋಡಿ ಇನ್ನೂ ಇಬ್ಬರು ಹೆಂಗಸರು ತಮ್ಮ ಗಂಟುಗಳನ್ನು ತಂದು ಕೊಟ್ಟರು. ಸೌಭಾಗ್ಯ ಬೇಡ ಅನ್ನಲಿಲ್ಲ.

ನರಸೀಪುರದ ಕಡೆಯ ಒಂದು ಗುಂಪು ನಮ್ಮ ಜೊತೆಯಾಯಿತು. ಅದರ ಹಿರಿಯರು ಸಿದ್ದಪ್ಪ ಎಂಬವರು, ಕೈಯಲ್ಲಿ ಬೆತ್ತ, ಉದ್ದ ಹೆಜ್ಜೆ. ನನಗೆ ಒಂದು ವಿಷಯ ಸ್ಪಷ್ಟವಾಗಬೇಕಿತ್ತು. ಹನೂರಿನ ವೃತ್ತದಲ್ಲಿ ಬೆಟ್ಟದ ರಸ್ತೆ ನೇರ ಹೋಗುತ್ತದೆ. ಓಟ ಮುಗಿಯುವ ಮೈದಾನಕ್ಕೆ ಪಕ್ಕದ ರಸ್ತೆಗೆ ತಿರುಗಿ, ಕೂಗಳತೆ ದೂರ ಹೋಗಬೇಕು. ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಮುಡಿಪು ಹಿಡಿದವರು ಹಾಗೆ ಮಾಡಬಹುದೇ ಎಂದು ಸಿದ್ದಪ್ಪನವರನ್ನು ಕೇಳಿದೆ.

"ಬೆಟ್ಟದ್ ದಾರಿ ಬುಟ್ಟು ತಿರುಗ್ಬಾರ್ದು. ಇಂದಕ್ ಎಜ್ಜೆ ಇಕ್ಬಾರ್ದು" ಎಂದರು.

"ಯಾರ್ ಏಳ್ದೋರು?" ಎಂದಳು ಅವರ ಗುಂಪಿನ ಹೆಂಗಸೊಬ್ಬಳು. "ಓದ್ ವರ್ಸ ನೀನೇ ಟೀ ಕುಡಿಯಕ್ಕೆ ಕೌದಳ್ಳೀಲಿ ಅರ್ಧ ಮೈಲಿ ಇಂದಕ್ ಓಗಿದ್ದೆ."

"ಟೀ ಬ್ಯಾರೆ."

"ಟೀ ಎಂಗೆ ಬ್ಯಾರೆ ಆಯ್ತದೆ?"

"ನನ್ ತಾವ ಮುಡಿಪಿರ್ನಿಲ್ಲ ಆಗ."

ಇನ್ನೊಬ್ಬರು, ಮುಡಿಪನ್ನು ನಮ್ಮ ಕೈಗೆ ಕೊಟ್ಟು ಹೋಗಿ ಬರಲಿ ಎಂದರು. ಮತ್ತೊಬ್ಬರು, ಯಾರ ಕೈಗೆ ಬಂತೋ ಅವರೇ ಮುಟ್ಟಿಸಬೇಕು ಎಂದರು. ಬೆಟ್ಟದ ಬುಡದ ತಾಳಬೆಟ್ಟ ದಾಟಿದರೆ ಬಸ್ಸಿನಲ್ಲಿ ಹೋದರೂ ನಡೆಯುತ್ತದೆ ಎಂದ ಒಬ್ಬನಿಗೆ ಎಲ್ಲರೂ ಸೇರಿ ಬೈದರು. ಸುದ್ದಿಮನೆಯಲ್ಲಿ ನಾವು ಎರಡು ಕಡೆಯವರನ್ನು ಕೇಳಿ ಬರೆಯುತ್ತೇವೆ. ಇಲ್ಲಿ ಆರು ಕಡೆಗಳಿದ್ದವು.

ಹನೂರಿನ ವೃತ್ತ ಮುಟ್ಟಿದಾಗ ಗಡುವಿಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು. ಪಕ್ಕದ ರಸ್ತೆಯ ತುದಿಯಲ್ಲಿ ಮೈದಾನದ ಗೇಟು, ಗೇಟಿನಾಚೆ ಹಳದಿ ಕಮಾನು ಕಾಣುತ್ತಿತ್ತು. ಬಂದವರ ಹೆಸರು ಕರೆಯುವ ಮೈಕಿನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ನಡೆದರೂ ಮುಟ್ಟಬಹುದಿತ್ತು. ಸೌಭಾಗ್ಯ ವೃತ್ತದ ಅಂಚಿನಲ್ಲಿ ನಿಂತು ಕಮಾನಿನ ಕಡೆ ನೋಡಿದರು. ಪಾದದ ಅಡಿ ಕೆಂಪಾಗಿತ್ತು, ಒಂದು ಕಡೆ ಬೊಬ್ಬೆ ಒಡೆದಿತ್ತು. ಅದನ್ನು ಅವರು ಗಮನಿಸಿದಂತೆ ಕಾಣಲಿಲ್ಲ.

"ನಾನು ಹಿಡ್ಕೊಂಡು ಇಲ್ಲೇ ನಿಂತಿರ್ತೀನಿ. ಹೋಗಿ ಬಂದುಬಿಡಿ" ಎಂದೆ. ಇದರಿಂದ ನನ್ನ ಓಟವೂ ಹೋಗುತ್ತಿತ್ತು. ಆಗ ಅದರ ಯೋಚನೆ ಬರಲಿಲ್ಲ.

"ನೀವು ಮೊಟ್ಟೆ ತಿಂದಿವ್ರಿ ಸಾ" ಎಂದರು.

"ಈ ಅಕ್ಕನ ಕೈಗೆ?" ಎಂದು ಸಿದ್ದಪ್ಪನವರ ಗುಂಪಿನ ಹೆಂಗಸನ್ನು ತೋರಿಸಿದೆ. ಆಕೆ ಕೈ ಚಾಚಿದಳು. ಸೌಭಾಗ್ಯ ಕೊಡಲು ಅರ್ಧ ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

"ಆ ಅಜ್ಜಿ ಕಣ್ಣ್ ಮುಚ್ಕಂಡ್ ಕೈ ಮುಗುದ್ಳು ಸಾ. ನಾನ್ ಯಾರು, ಯಾವೂರು ಅಂತ್ಲೂ ಕೇಳ್ನಿಲ್ಲ."

ಮೈಕಿನಲ್ಲಿ ಗಡುವಿಗೆ ಏಳು ನಿಮಿಷ ಎಂದು ಕೂಗಿದರು.

"ಮೈದಾನುಕ್ ಓಗ್ಬುಟ್ ಬಾ ಕಣವ್ವಾ, ಮಾದಪ್ಪ ಏನೂ ಅನ್ಕಳಲ್ಲ" ಎಂದರು ಸಿದ್ದಪ್ಪ. ಅರ್ಧ ಗಂಟೆಯ ಹಿಂದೆ ತಿರುಗಬಾರದೆಂದವರು ಇವರೇ.

"ನೀವೇ ಅಲ್ವಾ ಬ್ಯಾಡ ಅಂದಿದ್ದು?" ಎಂದರು ಸೌಭಾಗ್ಯ.

"ಅಂದೆ. ಈಗ ನಿನ್ ಮೊಕ ನೋಡ್ಬುಟ್ಟು ಇಂಗಂತೀನಿ."

ಸೌಭಾಗ್ಯ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ನೀವ್ ಓಡಿ ಸಾ. ನಿಮ್ದು ಕೆಡುಸ್ಕಬ್ಯಾಡಿ" ಎಂದು ನನಗೆ ಹೇಳಿ ನೇರ ರಸ್ತೆಗೆ ನಡೆದರು. ಕಮಾನಿನ ಕಡೆ ಮತ್ತೆ ನೋಡಲಿಲ್ಲ. ಗುಂಪು ಅವರ ಹಿಂದೆ ಹೋಯಿತು.

ನಾನು ಪಕ್ಕದ ರಸ್ತೆಗೆ ತಿರುಗಿ ಓಡಿದೆ. ಕಮಾನಿನ ಕೆಳಗೆ ಮ್ಯಾಟ್ ತುಳಿದಾಗ ಯಂತ್ರ ಒಮ್ಮೆ ಸದ್ದು ಮಾಡಿತು. ನಾನು ಬಗ್ಗಿ ಮಂಡಿ ಹಿಡಿದುಕೊಂಡೆ, ಹೆಗಲ ಶೂಗಳು ಜಾರಿ ಮ್ಯಾಟಿಗೆ ತಗುಲಿದವು. ಮತ್ತೊಮ್ಮೆ ಸದ್ದಾಯಿತು. ಮೈಕಿನವನು ಪರದೆ ನೋಡಿ ಓದಿದ: "ಸೌಭಾಗ್ಯ, ಅಗರ! ಇದೇ ಜಿಲ್ಲೆಯ ಹೆಣ್ಣುಮಗಳು, ಜೋರು ಚಪ್ಪಾಳೆ!" ಜೋರಾಗಿಯೇ ತಟ್ಟಿದರು. ಪದಕ ಹಿಡಿದ ಸ್ವಯಂಸೇವಕಿಯೊಬ್ಬರು ಹೆಣ್ಣುಮಗಳಿಗಾಗಿ ನನ್ನ ಹಿಂದೆ ಹುಡುಕಿದರು, ಆಮೇಲೆ ನನ್ನ ಮುಖ ನೋಡಿದರು.

ನಾನು ನೇರ ತೀರ್ಪುಗಾರರ ಟೇಬಲ್ಲಿಗೆ ಹೋಗಿ ಶೂ ಇಟ್ಟು, ಬಂದದ್ದು ಇವು, ಅವರಲ್ಲ ಎಂದೆ. ತೀರ್ಪುಗಾರರು ಕನ್ನಡಕ ತೆಗೆದು ಶೂ ನೋಡಿದರು.

"ಅವರು ಎಲ್ಲಿ?"

"ಬೆಟ್ಟಕ್ಕೆ ಹೋದರು."

"ಓಟ ಬಿಟ್ಟರಾ?"

"ಬಿಟ್ಟೆ ಅಂತ ಹೇಳಲಿಲ್ಲ."

"ವ್ಯಾನ್ ಹತ್ತಿದ್ರಾ?"

"ಇಲ್ಲ. ವೃತ್ತದವರೆಗೆ ನನ್ನ ಜೊತೆಯಲ್ಲೇ ಬಂದರು. ಅಲ್ಲಿಂದ ನೇರ ಹೋದರು."

"ಅಂದ್ರೆ ದೂರ ಓಡಿದ್ದಾರೆ, ಆದ್ರೆ ಇಲ್ಲಿಗೆ ಬಂದಿಲ್ಲ. ಶೂ ಬಂದಿದೆ, ಆದ್ರೆ ಓಡಿಲ್ಲ." ಅವರು ಪಕ್ಕದವರ ಕಡೆ ತಿರುಗಿ, "ಇದಕ್ಕೆ ಏನಂತ ಬರೀಬೇಕ್ರೀ?" ಎಂದು ಕೇಳಿದರು. ಪಕ್ಕದವರು ನಿಯಮಗಳ ಹಾಳೆ ತಿರುವಿದರು. ಶೂ ಒಂದು ಕಡೆ, ಆಳು ಒಂದು ಕಡೆ ಆದರೆ ಏನೆಂದು ಅದರಲ್ಲಿರಲಿಲ್ಲ. ಸದ್ಯಕ್ಕೆ ಹೆಸರು ಹಾಗೇ ಇರಲಿ, ನೋಡೋಣ ಎಂದರು. ಪದಕ ಕೊಡಲಿಲ್ಲ. ನಾನು ಕೇಳಲೂ ಇಲ್ಲ.

ವೃತ್ತಕ್ಕೆ ವಾಪಸ್ ಬಂದಾಗ ಮಹೇಶ್ ಬೈಕಿನ ಮೇಲೆ ಕುಳಿತಿದ್ದರು, ಕೈಯಲ್ಲಿ ಮೊಸರನ್ನದ ಡಬ್ಬಿ. ಆಗಷ್ಟೇ ಬಂದವರು ಮೈಕಿನಲ್ಲಿ ಹೆಂಡತಿಯ ಹೆಸರು ಕೇಳಿ ಡೇರಿಗೆ ಫೋನು ಮಾಡಿದ್ದರಂತೆ. ಅಲ್ಲಿ ಆಗಲೇ ಪಟಾಕಿ ಹೊಡೆದಿದ್ದರು. ನಾನು ನಡೆದದ್ದನ್ನು ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡು, "ಅಂಗಾದ್ರೆ ಮುಗ್ಸಿದ್ಳೋ, ಇಲ್ವೋ?" ಎಂದರು. ನನಗೂ ತಿಳಿಯದು ಎಂದೆ. ಅದು ನಿಜವಾಗಿತ್ತು.

ಬೈಕಿನಲ್ಲಿ ಬೆಟ್ಟದ ಕಡೆಗೆ, ರಾಮಾಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋದಾಗ ಸೌಭಾಗ್ಯ ಸಿಕ್ಕರು. ಸಿದ್ದಪ್ಪನವರ ಗುಂಪಿನ ಜೊತೆ ಒಂದು ಆಲದ ಮರದ ಕೆಳಗೆ ಕೂತಿದ್ದರು. ಮೂರು ಮುಡಿಪುಗಳೂ ಮಡಿಲಲ್ಲಿದ್ದವು.

"ನಲ್ವತ್ತೆರಡು ಮುಗ್ಸು ಅಂದ್ರೆ ನೂರಕ್ಕೆ ಒಂಟವ್ಳೆ ನೋಡಿ ಸಾ" ಎಂದರು ಮಹೇಶ್. ಹೆಂಡತಿಯ ಪಾದ ನೋಡಿ ಮುಂದೆ ತಮಾಷೆ ಮಾಡಲಿಲ್ಲ. ಡಬ್ಬಿ ಬಿಚ್ಚಿಕೊಟ್ಟರು. "ಸಂಜೆ ಆಲ್ ಯಾರ್ ಅಳಿಯದು?"

"ನೀನೇ."

"ನಾಳಿಕ್ಕೆ?"

"ನೀನೇ ಕಣಾ. ಬುಧವಾರ್ದ್ ಗಂಟ ನೀನೇ."

ನಾನು ಮೈಕಿನಲ್ಲಿ ಅವರ ಹೆಸರು ಕರೆದದ್ದನ್ನೂ ತೀರ್ಪುಗಾರರ ಜೊತೆ ನಡೆದ ಮಾತನ್ನೂ ಹೇಳಿದೆ. ಮೊಸರನ್ನದ ತುತ್ತು ಕೈಯಲ್ಲೇ ಇಟ್ಟುಕೊಂಡು ಕೇಳಿದರು. "ಚಪ್ಪಾಳೆ ತಟ್ಟುದ್ರಾ?" ಎಂದರು. ಹೌದು ಎಂದೆ. "ಜನ ಜಾಸ್ತಿ ಇದ್ರಾ?" ಎಂದರು. ಅದಕ್ಕೂ ಹೌದು ಎಂದೆ. ಆಮೇಲೆ, "ಅದು ತಪ್ಪು ಸಾ. ನೀವು ಏಳಿದ್ದೇ ಸರಿ" ಎಂದು ತುತ್ತು ಬಾಯಿಗೆ ಹಾಕಿಕೊಂಡರು. ಗುಂಪು ಏಳುವಾಗ ಅವರೂ ಎದ್ದರು. ಮೊದಲ ನಾಲ್ಕು ಹೆಜ್ಜೆ ಕುಂಟಿದರು, ಆಮೇಲೆ ಸರಿಯಾದರು.

ಶೂಗಳನ್ನು ಮಹೇಶ್ ಕೈಗೆ ಕೊಟ್ಟು, ಹನೂರಿನಿಂದ ಕೊಳ್ಳೇಗಾಲದ ಬಸ್ ಹತ್ತಿದೆ. ಎದುರಿನಿಂದ ಹಳದಿ ಬಟ್ಟೆಯವರು ಇನ್ನೂ ನಡೆದು ಬರುತ್ತಿದ್ದರು. ಕಾಮಗೆರೆಯ ಹತ್ತಿರ ಆ ಅಜ್ಜಿಯ ಮನೆ ಯಾವುದಿರಬಹುದೆಂದು ಕಿಟಕಿಯಿಂದ ನೋಡಿದೆ. ಹಿಪ್ಪುನೇರಳೆ ತೋಟ ಹಲವು ಇದ್ದವು, ಬಸ್ಸು ವೇಗವಾಗಿತ್ತು. ಸಂಜೆಗೆ ಮೈಸೂರು ತಲುಪಿದೆ.

ಸೋಮವಾರ ಸಂಘಟಕರ ಜಾಲತಾಣದ ಪಟ್ಟಿಯಲ್ಲಿ ಸೌಭಾಗ್ಯ ಅವರ ಹೆಸರು, ಗುರಿ ಮುಟ್ಟಿದ ಹೊತ್ತು ಎರಡೂ ಇದ್ದವು. ಮಂಗಳವಾರ ಹೊತ್ತು ಇರಲಿಲ್ಲ, ಹೆಸರು ಮಾತ್ರ ಇತ್ತು. ಅಂದೇ ಸಂಜೆ ಅವರು ಬೆಟ್ಟದಿಂದ ಫೋನು ಮಾಡಿದರು. ಹಿಂದೆ ಗಂಟೆ, ಜನರ ಗದ್ದಲ. "ಮೂರೂ ಮುಟ್ಟುಸ್ದೆ ಸಾ. ಬರಿಗಾಲಲ್ಲೇ ಬಂದೆ, ಮೀನ್‌ಖಂಡ ಒಂದಿಷ್ಟೂ ನೋಯ್ನಿಲ್ಲ. ಅದ್ಯಾಕೆ ಅಂತ ಗೊತ್ತಾಯ್ತಿಲ್ಲ" ಎಂದರು. ಪಟ್ಟಿಯ ವಿಷಯ ಕೇಳಿದರು, ಹೇಳಿದೆ. ಗುರುವಾರದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಓಟ ಪೂರ್ಣಗೊಳಿಸಿಲ್ಲ" ಎಂದು ಬಂತು. ಅದೇ ಈಗಲೂ ಇದೆ.

ಮರು ಭಾನುವಾರ ಬೆಳಗಿನ ಹಾಲು ಲಾರಿಗೆ ಏರಿಸಿ ಸೌಭಾಗ್ಯ ಬಸ್ಸಿನಲ್ಲಿ ಹನೂರಿಗೆ ಹೋದರೆಂದು ಮಹೇಶ್ ತಿಳಿಸಿದರು. ವೃತ್ತದಲ್ಲಿ ಇಳಿದು, ಪಕ್ಕದ ರಸ್ತೆಗೆ ತಿರುಗಿ, ಮೈದಾನದವರೆಗೆ ಓಡಿದರು. ಗೇಟಿಗೆ ಬೀಗ ಹಾಕಿತ್ತು.